ನೇಟಿವ್ ಇನ್ನೂ ಅಲ್ಲೇ ಇದೆ

ಅಮೆರಿಕದ ಇರ್ವಿಂಗ್‌ನ ಮಣ್ಣಿಗೆ ನಿಯತ್ತಿಲ್ಲ. ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಮೇಲಿರುವ ಮನೆ ಬಿರುಕು ಬಿಡುತ್ತದೆ. ಅದಕ್ಕೇ ಇಲ್ಲಿಯವರು ಆಗಸ್ಟ್‌ನಲ್ಲಿ ಗಿಡಕ್ಕಿಂತ ಮೊದಲು ಮನೆಯ ಬುಡಕ್ಕೆ ನೀರು ಬಿಡುತ್ತಾರೆ. ನನ್ನ ಚಿಕ್ಕಮ್ಮನ ದೇವರ ಕೋಣೆಯ ಗೋಡೆ ಸೀಳಿದಾಗ, ಪಕ್ಕದ ಮನೆಯ ಇಟಲಿಯ ಅಜ್ಜ ನೋಡಲು ಬಂದರು. ಡಾಲಸ್ ಸುತ್ತಮುತ್ತ ಕುಸಿದ ಮನೆಗಳಿಗೆ ಜಾಕ್ ಕೊಟ್ಟು ಎತ್ತುವುದೇ ಅವರ ಜೀವಮಾನದ ಕೆಲಸವಾಗಿತ್ತು. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ತಮ್ಮ ಊರಿನಲ್ಲಿ ಮನೆಮನೆಯಲ್ಲೂ ಇಂಥ ಪಟ್ಟಿ ಇರುತ್ತಿತ್ತು ಎಂದರು.

ಚಿಕ್ಕಮ್ಮ ಕಾಫಿ ಕೊಟ್ಟು, ಮೈಸೂರಿನವರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿದರು: ನಿಮ್ಮ ನೇಟಿವ್ ಯಾವುದು? ಅಜ್ಜ ತಬ್ಬಿಬ್ಬಾದರು. ನೇಟಿವ್ ಅಂದರೆ ನಮಗೆ ಊರು, ಹುಟ್ಟಿದ ಮನೆ. ಅವರಿಗೆ ಅದು ಊರಲ್ಲಿ ಹುಟ್ಟಿದ ಮನುಷ್ಯ. ಈ ವ್ಯತ್ಯಾಸವನ್ನು ಇಬ್ಬರಿಗೂ ಬಿಡಿಸಿ ಹೇಳಿದವಳು ನಾನೇ. ಬೆಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಷೀಲ್ಡು ಹೊತ್ತು ತಂದವಳು. ಮೊದಲು ಪದದ ಅರ್ಥ ಗೊತ್ತುಮಾಡಿಕೋ ಎಂಬುದು ನಮ್ಮ ಮೊದಲ ಪಾಠ.

ಆಗ ನಾನು ಆಸ್ಟಿನ್‌ನಲ್ಲಿ ಓದುತ್ತಿದ್ದೆ. ತಿಂಗಳಿಗೆರಡು ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ, ಚಿಕ್ಕಮ್ಮನ ಮೇಲಿನ ಪ್ರೀತಿಗೆ ಸ್ವಲ್ಪ, ಅವರ ಹುಳಿಗೆ ಜಾಸ್ತಿ. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಹೂಸ್ಟನ್‌ನಲ್ಲಿರುವ ಮೊಮ್ಮಕ್ಕಳಿಗಾಗಿ ತಮ್ಮ ಊರಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದು ನನ್ನನ್ನು ಹಿಡಿದರು. ಅವರು ಹೇಳುವುದು, ನಾನು ಟೈಪ್ ಮಾಡುವುದು.

ಗುಡ್ಡದ ತಲೆಯ ಮೇಲೆ ಕೂತ ಊರು. ರೋಮಿನವರು ಬರುವ ಮೊದಲೇ ಯಾರೋ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಆಮೇಲೆ ರೋಮಿನವರು, ಬಿಷಪ್ಪರು, ಪ್ಲೇಗು, ಎರಡು ಮನೆತನಗಳ ಕೊಲೆಗಳು. ಗುಡ್ಡ ಮಾತ್ರ ಒಂದೊಂದು ತಲೆಮಾರಿಗೆ ಒಂದೊಂದು ಬೀದಿಯನ್ನು ನುಂಗುತ್ತ ಬಂದಿತ್ತು. ಪಡುವಣ ಹೆಬ್ಬಾಗಿಲು ದಾಟಿದರೆ ಈಗ ರಸ್ತೆಯಿಲ್ಲ, ಗಾಳಿ. ಕೊನೆಯಲ್ಲಿ ಊರಿನ ಹೆಸರಾಂತ ಮಕ್ಕಳ ಪಟ್ಟಿ: ಒಬ್ಬ ಪೋಪ್, ಇಬ್ಬರು ಚಿತ್ರಕಾರರು, ಕೂಲಿಗೆ ಯುದ್ಧ ಮಾಡಿದ ಒಬ್ಬ ದಂಡನಾಯಕ, ವಿಷಗಳ ಬಗ್ಗೆ ಬರೆದ ಒಬ್ಬ ವೈದ್ಯ.

ಪಟ್ಟಿ ನೋಡಿ ನಾನು ತಕರಾರು ತೆಗೆದೆ. ಒಬ್ಬರೂ ಆ ಊರಿನಲ್ಲಿ ಸತ್ತಿಲ್ಲ. ಮೀಸೆ ಮೂಡುವ ಮೊದಲೇ ಎಲ್ಲರೂ ಊರು ಬಿಟ್ಟಿದ್ದಾರೆ. ಇದು ಊರಿನ ಹೆಮ್ಮೆಯೋ, ಊರಿನ ಮೇಲಿನ ದೂರೋ? ಅಜ್ಜನೂ ಬಿಟ್ಟು ಬಂದವರೇ. ಅಪ್ಪ ಸತ್ತ ಮೇಲೆ ಮನೆಗಾಗಿ ತಮ್ಮನ ಜತೆ ಜಗಳವಾಗಿ, ಆಮೇಲೆ ಒಂದು ಮಾತೂ ಆಡಿರಲಿಲ್ಲ. ಅಲ್ಲೀಗ ತನ್ನವರು ಯಾರೂ ಉಳಿದಿಲ್ಲ ಎಂದಷ್ಟೇ ಹೇಳುತ್ತಿದ್ದರು.

ಸೆಪ್ಟೆಂಬರ್‌ನಲ್ಲಿ ಅವರಿಗೆ ಆ ಮನೆ ಬಿದ್ದಂತೆ ಕನಸಾಯಿತು. ಮೂರು ಸಲ. ಊಟ ಬಿಟ್ಟರು. ಚಿಕ್ಕಮ್ಮ ತುಪ್ಪದ ದೀಪ ಹಚ್ಚಿ ನನ್ನ ಕಡೆ ತಿರುಗಿದರು.

"ಕನಸಲ್ಲಿ ಮನೆ ಬಿದ್ರೆ ಆ ಮನೇವ್ರಿಗೆ ಒಳ್ಳೇದಾಗಲ್ಲ ಕಣೇ."

"ಕನಸು ಬಿದ್ದೂ ಏನೂ ಆಗದೇ ಇದ್ದಿದ್ದಕ್ಕೆ ಲೆಕ್ಕ ಇಟ್ಟಿದೀರಾ ಚಿಕ್ಕಮ್ಮ?"

"ನಿನ್ನ ಹತ್ರ ಗೆಲ್ಲಕ್ಕಾಗಲ್ಲ. ಹುಳಿ ಆರೋಗತ್ತೆ, ತಿನ್ನು."

ಕನಸನ್ನು ಸೋಲಿಸಲೇಬೇಕು ಎಂದು ನನಗೆ ಹಟ. ಊರಿನ ಪುರಸಭೆಗೆ ಮೇಲ್ ಬರೆದೆ. ಅಜ್ಜನ ಹೆಸರು, ಬೀದಿ, ಮನೆ ನಂಬರು ಕೊಟ್ಟು, ಇವರ ನೇಟಿವ್ ಇನ್ನೂ ಅಲ್ಲೇ ಇದೆಯೇ, ಸ್ಥಿತಿ ಹೇಗಿದೆ ಎಂದು ಕೇಳಿದೆ. ಚಿಕ್ಕಮ್ಮನ ಅಡುಗೆಮನೆಯಲ್ಲಿ ಕೂತು ಬರೆದದ್ದಕ್ಕೋ ಏನೋ, ಅವರ ಪದವೇ ಬಂತು. ಫೋನು ಅದನ್ನು ಇಟಾಲಿಯನ್‌ಗೆ ತಿರುಗಿಸಿತು. ನಾಲ್ಕನೇ ದಿನ ಬಂದ ಉತ್ತರವನ್ನೂ ಫೋನೇ ತಿರುಗಿಸಿ ಕೊಟ್ಟಿತು: "ಹೌದು, ಇನ್ನೂ ಅಲ್ಲೇ ಇದೆ, ಒಂಟಿಯಾಗಿ. ಕೆಳಗೆ ಬರಲು ಒಪ್ಪುತ್ತಿಲ್ಲ. ಅಮೆರಿಕದಿಂದ ಒಂದು ಮಾತು ಬಂದರೆ ಅನುಕೂಲ."

ಬೀಳಲು ಒಪ್ಪದ ಮನೆ. ಉತ್ತರ ಬರೆದ ಗುಮಾಸ್ತ ರಸಿಕನಿರಬೇಕು ಅಂದುಕೊಂಡೆ. ಕೊನೆಯ ಸಾಲು ಕೆಡವಲು ಒಪ್ಪಿಗೆ ಕೇಳುವಂತೆ ಕಂಡಿತು. ಅದನ್ನು ಓದಿದರೆ ಅಜ್ಜನ ಭಯಕ್ಕೆ ಬಲ ಬರುತ್ತದೆ. ನಾವು ವೇದಿಕೆಯ ಮೇಲೆ ಯಾವಾಗಲೂ ಮಾಡುತ್ತಿದ್ದದ್ದನ್ನೇ ಮಾಡಿದೆ: ನನ್ನ ಪಕ್ಷಕ್ಕೆ ಬೇಕಾದಷ್ಟನ್ನು ಓದಿ, ಉಳಿದದ್ದನ್ನು ಬಿಟ್ಟೆ. ನಿಮ್ಮ ನೇಟಿವ್ ಗಟ್ಟಿಯಾಗಿ ನಿಂತಿದೆ ಎಂದು ಫೋನಿನಲ್ಲಿ ಹೇಳಿದೆ. ಅಂದು ಅವರು ಹೊಟ್ಟೆ ತುಂಬ ಉಂಡರಂತೆ.

ಮೂರು ವಾರ ಆಸ್ಟಿನ್ ಬಿಡಲಾಗಲಿಲ್ಲ. ಅದರ ಮುಂದಿನ ಶನಿವಾರ ಬೆಳಿಗ್ಗೆ ಅಜ್ಜ, ಪುರಸಭೆಯ ಆ ಕಾಗದವನ್ನು ಇಟಾಲಿಯನ್‌ನಲ್ಲೇ ಓದು, ಕೇಳಬೇಕು ಎಂದರು. ನನಗೆ ಭಾಷೆ ಬಾರದು, ಅಕ್ಷರ ಕೂಡಿಸಿ ಓದಿದೆ. ಒಂದು ಪದದ ಹತ್ತಿರ ಅವರು ಕೈ ಎತ್ತಿದರು.

"ಮತ್ತೆ ಓದು."

"ಸೋಲೊ."

"ಸೋಲಾ ಅಂತ ಇಲ್ಲವೇ?"

"ಇಲ್ಲ. ಸೋಲೊ. ಯಾಕೆ?"

"ನಮ್ಮ ಭಾಷೆಯಲ್ಲಿ ಮನೆ ಹೆಣ್ಣು, ಅದಕ್ಕೆ ಸೋಲಾ. ಒಂಟಿಯಾಗಿರುವುದು ಮನೆಯಲ್ಲ, ಗಂಡಸು." ಆಮೇಲೆ ಕೇಳಿದರು, "ನೀನು ಏನಂತ ಬರೆದೆ?"

ನೇಟಿವ್ ಅಂತ ಬರೆದದ್ದನ್ನು ಹೇಳಿದೆ; ಫೋನು ಅದನ್ನು ಅಲ್ಲಿ ಹುಟ್ಟಿದ ಮನುಷ್ಯ ಎಂದು ತಿರುಗಿಸಿತ್ತು. ಬಿಟ್ಟಿದ್ದ ಸಾಲನ್ನೂ ಓದಿದೆ. ಅವರು ನನ್ನನ್ನು ಬೈಯಲಿಲ್ಲ, ಫೋನ್ ಮಾಡಿಕೊಡು ಎಂದರು.

ಮಳೆಯ ತುರ್ತಿಗೆ ಶನಿವಾರವೂ ತೆರೆದಿದ್ದ ಪುರಸಭೆಯಲ್ಲಿ ಎತ್ತಿದವನು ಅದೇ ಗುಮಾಸ್ತ. ಅವನು ಹೇಳಿದ್ದನ್ನು ಅಜ್ಜ ನನಗೆ ತುಂಡುತುಂಡಾಗಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಬೀದಿ ಖಾಲಿ ಮಾಡಿಸಿ ತಿಂಗಳುಗಳಾಗಿವೆ. ತಮ್ಮನೊಬ್ಬನೇ ಹೊರಡಲಿಲ್ಲ. ಅಮೆರಿಕದಿಂದ ಅಣ್ಣ ವಿಚಾರಿಸಿದ್ದಾನೆ ಎಂದಾಗ ಮಾತ್ರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗೆ ಬಂದು, ಪುರಸಭೆಯ ಬೆಂಚಿನ ಮೇಲೆ ಎರಡು ದಿನ ಫೋನಿಗೆ ಕಾದ. ಬರಲಿಲ್ಲ. ಮತ್ತೆ ಹತ್ತಿ ಹೋದ. ಈಗ ದಾರಿ ಸೀಳಿದೆ, ಎರಡು ದಿನದಿಂದ ಮಳೆ. ಒತ್ತಾಯದಿಂದ ಎತ್ತಿ ತರಲು ಹೋದರೆ ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತಾನೆ.

ರಕ್ಷಣಾ ಸಿಬ್ಬಂದಿ ಬಿರುಕಿನ ಈಚೆ ನಿಂತಿದ್ದರು. ಗುಮಾಸ್ತ ಕೊಡೆ ಹಿಡಿದು ಅಲ್ಲಿಗೆ ಹೋಗಿ ಫೋನನ್ನು ಧ್ವನಿವರ್ಧಕಕ್ಕೆ ಒತ್ತಿ ಹಿಡಿದ. ಇರ್ವಿಂಗ್‌ನ ಅಡುಗೆಮನೆಯಲ್ಲಿ ಎಂಬತ್ತು ದಾಟಿದ ಮುದುಕರು ಎದ್ದು ನಿಂತು ತಮ್ಮನ ಹೆಸರು ಕೂಗಿದರು. ಆಮೇಲೆ ಒಂದೇ ಪದ, ಮತ್ತೆ ಮತ್ತೆ. ಇಳಿ, ಇಳಿದು ಬಾ. ಚಿಕ್ಕಮ್ಮ ಒಲೆ ಆರಿಸಿದರು. ಫೋನಿನಲ್ಲಿ ಮಳೆ ಕೇಳುತ್ತಿತ್ತು.

ಗುಮಾಸ್ತ ಏನೋ ಅಂದ. ಮಾಳಿಗೆಯ ಕಿಟಕಿ ಮುಚ್ಚಿದನಂತೆ ಎಂದರು ಅಜ್ಜ.

ಮನೆ ಬಿಟ್ಟು ಹೊರಡುವವನು ಕಿಟಕಿ ಮುಚ್ಚುತ್ತಾನೆ. ಮಾತು ಕೇಳಲೊಲ್ಲದವನೂ ಮುಚ್ಚುತ್ತಾನೆ. ಎರಡೂ ಪಕ್ಷ ನನಗೆ ಒಟ್ಟಿಗೇ ಹೊಳೆದವು.

ಆಮೇಲೆ ಮಳೆಯ ಸದ್ದಿನ ಒಳಗಿನಿಂದ ಇನ್ನೊಂದು ಸದ್ದು ಬಂತು, ಲಾರಿ ಜಲ್ಲಿ ಸುರಿದಂತೆ. ತುಂಬ ಹೊತ್ತು ಸುರಿಯಿತು. ಅದರ ಹಿಂದೆ ಯಾರೋ ಓಡಿದರು. ಗುಮಾಸ್ತ ಎರಡೇ ಮಾತು ಆಡಿದ. ಅಜ್ಜ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಕನಸು ನಿಜವಾಯಿತು ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕನಸಿನಲ್ಲಿ ತಮ್ಮನಿರಲಿಲ್ಲ, ಕಾಗದದಲ್ಲಿದ್ದ. ದೇವರ ಕೋಣೆಯ ಬಿರುಕಿನ ಗಾಜೂ ಒಡೆದಿಲ್ಲ.

ಅಂದು ಮಧ್ಯಾಹ್ನ ಅಜ್ಜ ಲ್ಯಾಪ್‌ಟಾಪ್ ತೆಗೆಸಿದರು. ಹೆಸರಾಂತ ಮಕ್ಕಳ ಪಟ್ಟಿಯ ಕೆಳಗೆ, ವೈದ್ಯನ ಹೆಸರಿನ ನಂತರ, ತಮ್ಮನ ಹೆಸರು ಒಂದೊಂದೇ ಅಕ್ಷರವಾಗಿ ಹೇಳಿದರು.

"ಹುಟ್ಟಿದ್ದು ಅಲ್ಲೇ ಅಂತ ಬರಿ. ಸತ್ತದ್ದೂ ಅಲ್ಲೇ. ನಿನ್ನ ತಕರಾರು ಮುಗಿಯಿತಲ್ಲ, ಹುಡುಗಿ?"

ಏನು ಮಾಡಿ ಹೆಸರಾದವನು ಎಂಬ ಜಾಗವನ್ನು ಖಾಲಿ ಬಿಟ್ಟೆ. ಅವರು ಅದನ್ನು ತುಂಬಿಸಲಿಲ್ಲ.