ಬಾಗಿಲ ಹಿಂದಿನ ದನಿ

ದನಿಯಕ್ಕನ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಪಕ್ಕದಲ್ಲೇ ಕೂತು ಊಟ ಮಾಡಿದವರು ಮರುದಿನ ರಸ್ತೆಯಲ್ಲಿ ಎದುರಾದರೆ ಗುರುತು ಹಿಡಿಯದೆ ಹೋಗಿಬಿಡುತ್ತಿದ್ದರು. ಅವಳು ಹಿಂದಿನಿಂದ ಒಂದು ಮಾತಾಡಿದರೆ ಸಾಕು, ಥಟ್ಟನೆ ನಿಂತು ತಿರುಗುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗ್ಯಾಸ್ ಸಿಲಿಂಡರಿನವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಬೀದಿಗೆಲ್ಲ ಅವಳು ದನಿಯಕ್ಕ.

ಹರೆಯದಲ್ಲಿ ಅವಳು ನೂಲಿನ ಗಿರಣಿಯ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಸಿನಿಮಾಗಳನ್ನು ಕೊಂಡು ಥಿಯೇಟರುಗಳಿಗೆ ಹಂಚುವವನೊಬ್ಬ ಗಿರಣಿಯ ಮಾಲೀಕರ ಗೆಳೆಯ. ಆಗಾಗ ಫೋನ್ ಮಾಡುತ್ತಿದ್ದ. ಒಂದು ದಿನ, "ಮಾಲೀಕರನ್ನ ಕೊಡಬೇಡಮ್ಮ, ನೀನೇ ಇನ್ನೊಂದೆರಡು ಮಾತಾಡು" ಅಂದ. ಅವಳು ಹೆದರಿ ಲೈನ್ ಕಡಿದಳು. ಮರುದಿನ ಅವನು ಕಾರು ಹತ್ತಿಕೊಂಡು ಕಚೇರಿಗೇ ಬಂದ.

ಅವನ ಕೈಯಲ್ಲಿ ಮುಗಿದು ತಯಾರಾದ ಒಂದು ಸಿನಿಮಾ ಇತ್ತು. ನಾಯಕಿ ಹೊಸಬಳು. ಕಣ್ಣು ತುಂಬುವಂಥ ರೂಪ. ಆದರೆ ಅವಳದ್ದು ದಪ್ಪನೆಯ, ಸ್ವಲ್ಪ ಒರಟಾದ ದನಿ. "ನೋಡಿದ್ರೆ ಗುಲಾಬಿ, ಬಾಯಿ ಬಿಟ್ರೆ ಲಾರಿ ಡ್ರೈವರ್" ಎನ್ನುವುದು ಹಂಚಿಕೆಯವನ ತೀರ್ಪು. ದನಿ ಬದಲಾಗದೆ ಸಿನಿಮಾ ಥಿಯೇಟರಿಗೆ ಹೋಗುವುದಿಲ್ಲ ಎಂದು ಅವನು ಪಟ್ಟು ಹಿಡಿದ. ನಿರ್ದೇಶಕರು ಒಂದು ವಾರ ಮಾತು ಬಿಟ್ಟು ಕೂತರು. ಆಮೇಲೆ ತಲೆಬಾಗಿದರು.

ಹೀಗೆ ದನಿಯಕ್ಕ ಕತ್ತಲ ಕೋಣೆಯೊಂದರಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ಬೇರೊಬ್ಬಳ ತುಟಿಗೆ ಮಾತು ಕೂಡಿಸಿದಳು. ಆ ಸಿನಿಮಾದಲ್ಲಿ ಒಂದು ಬಾಗಿಲಿನ ದೃಶ್ಯವಿದೆ. ಜೈಲಿನಿಂದ ಬಿಡುಗಡೆಯಾದ ಗಂಡ ಮನೆ ಬಾಗಿಲು ತಟ್ಟುತ್ತಾನೆ. ಹೆಂಡತಿ ತೆಗೆಯುವುದಿಲ್ಲ. ಕ್ಯಾಮೆರಾ ಹೊರಗೇ ನಿಂತಿರುತ್ತದೆ. ಒಳಗಿನಿಂದ ಅವಳ ಮಾತು ಮಾತ್ರ ಕೇಳುತ್ತದೆ: "ಬಾಗಿಲು ತೆಗೆಯೋಕೆ ನಂಗೆ ಕೈ ಬರ್ತಾ ಇಲ್ಲ. ನೀವು ಹೋಗಿ." ಗಾಜಿನ ಆಚೆಯಿಂದ ಹಂಚಿಕೆಯವನು, "ಅಳು ಸಾಲದು. ಹೊಟ್ಟೆಯಿಂದ ಬರಲಿ" ಎಂದು ಮತ್ತೆ ಮತ್ತೆ ಹೇಳಿಸಿದ. ಆ ವರ್ಷವೇ ತೀರಿಹೋಗಿದ್ದ ಅಮ್ಮನನ್ನು ನೆನೆದುಕೊಂಡು ದನಿಯಕ್ಕ ಬಿಕ್ಕಿಬಿಕ್ಕಿ ಹೇಳಿದಳು. ಊರೂರಿನ ಥಿಯೇಟರುಗಳಲ್ಲಿ ಹೆಂಗಸರು ಆ ದೃಶ್ಯಕ್ಕೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಪರದೆಯ ಮೇಲೆ ಅವಳ ಹೆಸರು ಬರಲಿಲ್ಲ. ಹಾಕಿದರೆ ಗುಟ್ಟು ರಟ್ಟಾಗುತ್ತದೆ ಅಂದರು. ರಟ್ಟು ಮಾಡುವ ಕೆಲಸವನ್ನು ಅವಳ ತಂಗಿ ವಹಿಸಿಕೊಂಡಳು. ನರ್ಸ್ ಕೆಲಸ ಮಾಡುತ್ತಿದ್ದ ತಂಗಿ ವಾರ್ಡಿನಿಂದ ವಾರ್ಡಿಗೆ ಸುದ್ದಿ ಹಬ್ಬಿಸಿದಳು. ಯಾರೋ ಆಕ್ಷೇಪಿಸಿದರೆ, "ಗುಟ್ಟು ಕಾಯೋಕೆ ನಾನೇನು ಬ್ಯಾಂಕಿನ ಲಾಕರಾ?" ಎನ್ನುತ್ತಿದ್ದಳು.

ಆ ದನಿಗೆ ಮನಸೋತು ಒಂದು ಗಂಡೂ ನೋಡಲು ಬಂದಿತ್ತು. ದನಿಯಕ್ಕ ಅಡುಗೆಮನೆಯಿಂದ, "ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ?" ಎಂದಾಗ ಅವನ ಮುಖ ಅರಳಿತು. ಅವಳು ತಟ್ಟೆ ಹಿಡಿದು ಹೊರಗೆ ಬಂದಾಗ ಅರಳಿದ್ದು ಹಾಗೇ ಬಾಡಿತು. ಅವನು ಚಹಾ ಪೂರ್ತಿ ಕುಡಿದ, ಕಪ್ಪನ್ನು ಮರ್ಯಾದೆಯಿಂದ ಕೆಳಗಿಟ್ಟ, ಹೋದವನು ಹೋದ. "ನಿನ್ನ ದನಿಯೊಂದನ್ನೇ ಕಟ್ಟಿ ಕಳಿಸಿದ್ರೆ ಸಂಸಾರ ಮಾಡ್ತಿದ್ದನೇನೋ" ಎಂದು ತಂಗಿ ನಗಿಸಿದಳು. ದನಿಯಕ್ಕ ನಕ್ಕಳು. ಆಮೇಲೆ ಮದುವೆಯ ಮಾತು ಎತ್ತಗೊಡಲಿಲ್ಲ.

ಆ ನಟಿ ಸಿನಿಮಾದಲ್ಲಿ ಇದ್ದಷ್ಟು ಕಾಲವೂ ಅವಳಿಗೆ ದನಿಯಕ್ಕನದೇ ಮಾತು. ಇಬ್ಬರೂ ಒಮ್ಮೆಯೂ ಎದುರುಬದುರು ನಿಂತು ಮಾತಾಡಿರಲಿಲ್ಲ. ಒಂದು ಸಮಾರಂಭದಲ್ಲಿ ದೂರದಿಂದ ಕಣ್ಣು ಕೂಡಿದಾಗ ನಟಿ ಮುಖ ಆಚೆ ತಿರುಗಿಸಿದ್ದಳು. ಅದನ್ನು ಸೊಕ್ಕು ಎಂದು ದನಿಯಕ್ಕ ಲೆಕ್ಕ ಹಾಕಿಕೊಂಡಿದ್ದಳು. ನಟಿ ಬೇಗನೆ ಸಿನಿಮಾ ಬಿಟ್ಟು ಎಲ್ಲೋ ಮರೆಯಾದಳು. ದನಿಯಕ್ಕ ಗಿರಣಿಯಲ್ಲೇ ಉಳಿದು ನಿವೃತ್ತಳಾದಳು. ತಂಗಿಯ ಗಂಡ ತೀರಿಕೊಂಡ ಮೇಲೆ ಅಕ್ಕ ತಂಗಿ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಟ್ಟಿಗೆ ಸಂಸಾರ ಹೂಡಿದರು. ಕೆಳಗೆ ಟ್ಯೂಬಿಗೆ ಗಾಳಿ ತುಂಬುವ ಸದ್ದು, ಮೇಲೆ ಇವರಿಬ್ಬರ ಜಗಳ.

ಇಷ್ಟು ಕಾಲ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಿ ಪತ್ರಿಕೆ ಹಿಡಿದು ಅಡುಗೆಮನೆಗೆ ಓಡಿ ಬಂದಳು. ಹಳೆಯ ಶ್ರೇಷ್ಠ ಸಿನಿಮಾಗಳನ್ನು ದುರಸ್ತಿ ಮಾಡಿ, ಮನೆಯಲ್ಲಿ ಕೂತು ನೋಡಲು ಡಿಸ್ಕಿನಲ್ಲಿ ತರುವ ಕಂಪನಿಯ ಜಾಹೀರಾತು. ಈ ಮಳೆಗಾಲ ಮುಗಿಯುವುದರೊಳಗೆ ಬರಲಿರುವವುಗಳಲ್ಲಿ ಆ ಸಿನಿಮಾವೂ ಇತ್ತು.

"ಕೇಳಕ್ಕ. ಗೀರು, ಕಲೆ ಎಲ್ಲ ತೆಗೆದಿದಾರಂತೆ. ಕೆಳಗೆ ಏನಂತ ಹಾಕಿದಾರೆ ನೋಡು, 'ಮೊಟ್ಟಮೊದಲ ಬಾರಿಗೆ ಮೂಲ ಧ್ವನಿಯೊಂದಿಗೆ'. ಅಂದ್ರೆ ನೀನೇ."

ದನಿಯಕ್ಕ ಒಲೆ ಸಣ್ಣ ಮಾಡಿ ಆ ಸಾಲನ್ನು ತಾನೂ ಓದಿದಳು. ಅಂದು ಅನ್ನ ತಳ ಹತ್ತಿತು. ತಂಗಿ ಗೊಣಗದೆ ಅದನ್ನೇ ಬಡಿಸಿಕೊಂಡಳು.

ಅದೇ ವಾರ ಡಿಸ್ಕ್ ಕಂಪನಿಯವನು ಫೋನ್ ಮಾಡಿದ. ವಿನಯದ ಮನುಷ್ಯ. ಸಿನಿಮಾದ ಜೊತೆಗೆ ಅದು ತಯಾರಾದ ಕಥೆಯನ್ನೂ ಡಿಸ್ಕಿನಲ್ಲಿ ಸೇರಿಸುತ್ತಿದ್ದೇವೆ, ನೀವು ಬಂದು ಮಾತಾಡಬೇಕು ಅಂದ. ತಂಗಿ ಬೀರುವಿನಿಂದ ರೇಷ್ಮೆ ಸೀರೆ ತೆಗೆದು ಇಸ್ತ್ರಿ ಹಾಕಿದಳು. ರಿಪೇರಿ ಅಂಗಡಿಯಿಂದ ಡಿಸ್ಕ್ ಪ್ಲೇಯರನ್ನೂ ತಂದು ಟೀವಿಯ ಕೆಳಗೆ ಇಟ್ಟಳು. ಇನ್ನೂ ಬಾರದ ಡಿಸ್ಕಿಗೆ ಹೀಗೆ ಮನೆ ಸಿದ್ಧವಾಯಿತು.

ಕಂಪನಿಯ ಕೋಣೆಗಳಿಗೆ ಕಿಟಕಿಯಿರಲಿಲ್ಲ. ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತು ಚಿತ್ರದ ಮೇಲಿನ ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ನಟಿಯ ಕೆನ್ನೆಯ ಮೇಲೆ ಹರಿದಿದ್ದ ಒಂದು ಉದ್ದ ಗೀರು ದನಿಯಕ್ಕನ ಕಣ್ಣೆದುರೇ ಮಾಯವಾಯಿತು. "ಎಷ್ಟು ಚೆನ್ನಾಗಿ ಮಾಡ್ತೀಯಮ್ಮ" ಅಂದಳು ದನಿಯಕ್ಕ. ಹುಡುಗಿ ಚಕ್ಕನೆ ತಿರುಗಿದಳು. "ಅಯ್ಯೋ, ಅದೇ ದನಿ" ಅಂದಳು. ಹಾಗೆಂದವಳು ಯಾಕೋ ಡಿಸ್ಕಿನವನ ಮುಖ ನೋಡಿ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದಳು.

ಡಿಸ್ಕಿನವನು ಕುರ್ಚಿ ಎಳೆದು ಕೂರಿಸಿದ. "ಅಮ್ಮ, ನಿಮಗೆ ವಿಷಯ ಗೊತ್ತಲ್ವಾ?"

"ಯಾವ ವಿಷಯ?"

ಅವನು ತಡವರಿಸಿದ. ದನಿ ಬದಲಾಯಿಸುವ ಮೊದಲು ತಯಾರಾಗಿದ್ದ ಒಂದು ಪ್ರತಿ ನಿರ್ದೇಶಕರ ಮನೆಯ ಅಟ್ಟದಲ್ಲಿ ಸಿಕ್ಕಿತ್ತು. ಅದರಲ್ಲಿ ನಟಿಯೇ ಮಾತಾಡಿದ್ದಳು. ನಿರ್ದೇಶಕರು ತೀರಿಹೋಗಿದ್ದರು. ಅವರ ಮಗಳು ಅದನ್ನು ಕೊಡುವಾಗ, ಅಪ್ಪ ಮಾಡಿದ ಹಾಗೇ ಬರಬೇಕು ಎಂದಿದ್ದಳು. ಮೂಲ ಧ್ವನಿ ಎಂದರೆ ಅದು.

"ಮತ್ತೆ ನನ್ನದು?" ಎಂದು ಕೇಳಿದಳು ದನಿಯಕ್ಕ.

"ನೀವು ಇವತ್ತು ಮಾತಾಡ್ತೀರಲ್ಲಮ್ಮ, ಅದು ಡಿಸ್ಕಲ್ಲಿ ಇರತ್ತೆ."

ಆ ಪ್ರತಿಯನ್ನು ಕೇಳಲೇಬೇಕು ಎಂದಳು. ಅವನು ಬಾಗಿಲಿನ ದೃಶ್ಯ ಹಾಕಿದ. ದನಿಯಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು, ಕೆಟ್ಟದಾಗಿರಲಿ ಎಂದು. ಬಾಗಿಲು ತಟ್ಟಿದ ಸದ್ದಾಯಿತು. ಒಳಗಿನಿಂದ ದಪ್ಪನೆಯ ದನಿ ಬಂತು. ಅದರಲ್ಲಿ ಅಳು ಇರಲಿಲ್ಲ. ದಿನವಿಡೀ ದುಡಿದು ಬಂದು ಈಗಷ್ಟೇ ಕೂತ ಹೆಂಗಸೊಬ್ಬಳು ಹೇಳುವ ಹಾಗಿತ್ತು: "ಬಾಗಿಲು ತೆಗೆಯೋಕೆ ನಂಗೆ ಕೈ ಬರ್ತಾ ಇಲ್ಲ. ನೀವು ಹೋಗಿ." ಪರದೆಯ ಮೇಲೆ ಗಂಡ ಮೆಟ್ಟಿಲಿಳಿಯುತ್ತಾನೆ. ಇಷ್ಟು ವರ್ಷ ಅವನು ಯಾಕೆ ಅಷ್ಟು ಬೇಗ ಇಳಿದು ಹೋಗುತ್ತಾನೆ ಎಂಬುದು ದನಿಯಕ್ಕನಿಗೆ ಬಗೆಹರಿದಿರಲಿಲ್ಲ. ಅಷ್ಟು ಅಳುವವಳನ್ನು ಬಿಟ್ಟು ಯಾರು ಹೋಗುತ್ತಾರೆ? ಈ ದನಿಯನ್ನು ಕೇಳಿದವನು ಮಾತ್ರ ಹೋಗಲೇಬೇಕು.

ಹಿಂದಿನಿಂದ ಯಾರೋ, "ಚೆನ್ನಾಗಿ ಉಜ್ಜಿ ತೊಳೆದಿದಾರೆ, ಅಲ್ವಾ?" ಅಂದರು. ಪರದೆಯೇ ಮಾತಾಡಿದಂತಾಗಿ ದನಿಯಕ್ಕ ಬೆಚ್ಚಿದಳು. ಬಿಳಿಕೂದಲಿನ ಹೆಂಗಸು, ಮಂಡಿನೋವಿಗೆ ಕೋಲು ಊರಿದ್ದಳು. ನಟಿ. ಅವಳನ್ನೂ ಅಂದೇ ಮಾತಾಡಲು ಕರೆಸಿದ್ದರು.

ಡಿಸ್ಕಿನವನು ಚಹಾ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದ. ನಟಿ ಕೋಲನ್ನು ಗೋಡೆಗೆ ಒರಗಿಸಿ ಪಕ್ಕದ ಕುರ್ಚಿಯಲ್ಲಿ ಕೂತಳು.

"ನಿಮಗೆ ನನ್ನ ಮೇಲೆ ಸಿಟ್ಟಿತ್ತು ಅಂತ ನಂಗೆ ಗೊತ್ತು" ಅಂದಳು ದನಿಯಕ್ಕ.

"ಸಿಟ್ಟಲ್ಲ, ಭಯ" ಅಂದಳು ನಟಿ. "ಅಂಗಡಿಗೆ ಹೋಗಿ ಏನಾದ್ರೂ ಕೇಳಿದ್ರೆ ಜನ ನಗ್ತಿದ್ರು. ಇವಳು ಅವಳಲ್ಲ, ಅವಳ ಹಾಗೆ ವೇಷ ಹಾಕ್ಕೊಂಡಿದಾಳೆ ಅಂತಿದ್ರು. ಬರಬರ್ತಾ ಹೊರಗೆ ಬಾಯಿ ಬಿಡೋದನ್ನೇ ನಿಲ್ಲಿಸಿದೆ. ನನ್ನ ಮಗಳು ಚಿಕ್ಕವಳಿದ್ದಾಗ ಟೀವಿಲಿ ಈ ಸಿನಿಮಾ ಬಂತು. ಅವಳು ಏನಂದ್ಲು ಗೊತ್ತಾ? ನಿಂಗೂ ಈ ಅಮ್ಮನ ಥರ ಮಾತಾಡೋಕೆ ಬಂದಿದ್ರೆ ಚೆನ್ನಾಗಿತ್ತು ಅಂದ್ಲು."

ಇಷ್ಟು ಕೇಳಿಯೂ ದನಿಯಕ್ಕನ ಮನಸ್ಸು ತಡೆಯಲಿಲ್ಲ. ಚಹಾ ತಂದ ಡಿಸ್ಕಿನವನನ್ನು, ಒಂದೇ ಡಿಸ್ಕಿನಲ್ಲಿ ಎರಡೂ ದನಿ ಇಡಲು ಬರುವುದಿಲ್ಲವೇ ಎಂದು ಕೇಳಿದಳು. ಬರುತ್ತದೆ, ನೋಡುವವರು ಬೇಕಾದ್ದನ್ನು ಆರಿಸಿಕೊಳ್ಳಬಹುದು ಅಂದ ಅವನು. ಆದರೆ ಅದಕ್ಕೆ ನಟಿ ಒಪ್ಪಬೇಕು, ನಿರ್ದೇಶಕರ ಮಗಳಿಗೆ ಹಾಗೆಂದು ಮಾತು ಕೊಟ್ಟಿದ್ದೇವೆ ಅಂದ.

ದನಿಯಕ್ಕ ನಟಿಯ ಕಡೆ ತಿರುಗಿದಳು. "ನಿಮ್ಮದೇ ಮುಂದೆ ಇರಲಿ. ನನ್ನದು ಎಲ್ಲೋ ಒಂದು ಮೂಲೇಲಿ ಇದ್ರೆ ಸಾಕು. ಪರದೆ ಮೇಲೆ ನನ್ನ ಹೆಸರೂ ಬಂದಿಲ್ಲ, ಮುಖವಂತೂ ಇಲ್ಲ. ಅದೊಂದೇ ಇರೋದು ನಂಗೆ."

ನಟಿ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. "ನೀವು ಕೆಟ್ಟವರಲ್ಲ, ನಂಗೆ ಗೊತ್ತು. ಆದ್ರೂ ಆಗಲ್ಲ. ಪಕ್ಕದಲ್ಲಿ ನಿಮ್ಮದು ಇದ್ರೆ ಜನ ನಿಮ್ಮದನ್ನೇ ಆರಿಸ್ತಾರೆ. ನಲವತ್ತು ವರ್ಷ ನೀವು ಮಾತಾಡಿದ್ರಿ. ಇದೊಂದು ಸಲ ನಾನು ಮಾತಾಡ್ತೀನಿ."

ಅಂದು ಕ್ಯಾಮೆರಾದ ಮುಂದೆ ದನಿಯಕ್ಕ ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರ ಕೊಟ್ಟಳು. ಮನೆಗೆ ಬಂದು ಸೀರೆ ಮಡಿಸಿಟ್ಟಳು. ತಂಗಿ ಕೆಂಡಾಮಂಡಲವಾದಳು. "ಅವಳಿಗೆ ಹೆಸರು ತಂದುಕೊಟ್ಟಿದ್ದು ಯಾರು? ಕೇಸ್ ಹಾಕೋಣ ನಡಿ."

"ಯಾರ ಮೇಲೆ ಹಾಕ್ತೀಯ?" ಅಂದಳು ದನಿಯಕ್ಕ. "ಅವಳು ಚೆನ್ನಾಗೇ ಹೇಳಿದಾಳೆ ಕಣೆ. ನನಗಿಂತ ಚೆನ್ನಾಗಿ. ಕೆಟ್ಟದಾಗಿದ್ದಿದ್ರೆ ನಾಲ್ಕು ದಿನ ಬೈದು ಸಮಾಧಾನ ಮಾಡ್ಕೋಬಹುದಿತ್ತು."

ಡಿಸ್ಕ್ ಹೊರಬಂತು. ದನಿಯಕ್ಕನ ಸಂದರ್ಶನ ಮುಖ ಕಂಡು ಮರೆಯಾಗುವಷ್ಟಕ್ಕೆ ಇಳಿದಿತ್ತು. ವಿಮರ್ಶಕರು ನಟಿಯನ್ನು ಬಾಯ್ತುಂಬ ಹೊಗಳಿದರು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು, ಮೈಕಿನ ಮುಂದೆ ನಗುತ್ತಿದ್ದಳು. ಫೋಟೋ ನೋಡಿ ದನಿಯಕ್ಕ, "ಹಲ್ಲು ಇನ್ನೂ ಚೆನ್ನಾಗಿದೆ" ಎಂದಷ್ಟೇ ಹೇಳಿ ಪತ್ರಿಕೆ ಮಡಿಸಿದಳು.

ಆದರೆ ಕೊಂಡುಕೊಂಡ ಜನ ಗೊಣಗತೊಡಗಿದರು. ಇದೇನಿದು ಗಂಡುದನಿ, ನಮ್ಮ ಕಾಲದ ಸಿನಿಮಾವನ್ನು ಹಾಳು ಮಾಡಿದ್ದಾರೆ, ಬಾಗಿಲಿನ ದೃಶ್ಯದಲ್ಲಿ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಅಂದರು. ಕೆಲವರು ಡಿಸ್ಕನ್ನು ಅಂಗಡಿಗೆ ವಾಪಸು ಕೊಟ್ಟರು. ಕಂಪನಿಯ ಯಜಮಾನ ಇಷ್ಟು ಕೇಳಿದ್ದೇ ತಡ, ದನಿಯಕ್ಕನ ದನಿಯನ್ನೂ ಸೇರಿಸಿ ಮರುಮುದ್ರಣಕ್ಕೆ ಅಪ್ಪಣೆ ಕೊಟ್ಟ. ನಿರ್ದೇಶಕರ ಮಗಳಿಗೆ ಕೊಟ್ಟಿದ್ದು ಬರೀ ಬಾಯಿಮಾತು, ಕಾಗದದಲ್ಲಿ ಏನೂ ಇಲ್ಲ ಎಂದು ಅವನ ವಕೀಲ ಹೇಳಿದ್ದನಂತೆ.

ಡಿಸ್ಕಿನವನು ಫೋನ್ ಮಾಡಿ ತಿಳಿಸಿದಾಗ ಅವನ ದನಿಯಲ್ಲಿ ನಾಚಿಕೆಯಿತ್ತು. "ಜನ ನಿಮ್ಮದೇ ಬೇಕು ಅಂತಿದಾರಮ್ಮ. ಡಿಸ್ಕ್ ಹಾಕಿದ ತಕ್ಷಣ ಇನ್ಮೇಲೆ ನಿಮ್ಮ ದನಿನೇ ಬರತ್ತೆ. ಅವರದ್ದು ಬೇಕಾದವರು ಒಳಗೆ ಹೋಗಿ ಹುಡುಕಬೇಕು. ಡಬ್ಬದ ಮೇಲೆ ನಿಮ್ಮ ಹೆಸರು ಹಾಕ್ತಿದೀವಿ."

ತಂಗಿ ಕೇಕೆ ಹಾಕಲು ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಮುಚ್ಚಿದಳು.

ದನಿಯಕ್ಕ, "ಹಾಕಬೇಡಿ" ಅಂದಳು. ಅಚ್ಚಾಗಿ ಹೋಗಿದೆ ಅಂದ ಅವನು. ಅವಳು ನಟಿಯ ಫೋನ್ ನಂಬರು ಕೇಳಿ, ಕೂಡಲೇ ಕರೆ ಮಾಡಿದಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಯಾರೋ ಎತ್ತಿಕೊಂಡರು. ಹಲೋ ಎನ್ನಲಿಲ್ಲ.

"ನಾನು ಮಾತಾಡ್ತಿರೋದು" ಅಂದಳು ದನಿಯಕ್ಕ. ಯಾರೆಂದು ಹೇಳುವ ಅಗತ್ಯವಿರಲಿಲ್ಲ. "ನಾನು ಕೇಳಿದ್ದಲ್ಲ. ಅವರಾಗೇ ಮಾಡಿದಾರೆ. ಬೇಡ ಅಂದೆ, ಕೇಳ್ಲಿಲ್ಲ."

ಆಚೆ ಕಡೆ ಉಸಿರಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು.

"ಏನಾದ್ರೂ ಅನ್ನಿ. ಬೈಯ್ಯಿ ಬೇಕಾದ್ರೆ."

ಸ್ವಲ್ಪ ಹೊತ್ತಾದ ಮೇಲೆ ಫೋನ್ ಕೆಳಗಿಟ್ಟ ಸದ್ದು ಬಂತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಹೊಸ ಡಿಸ್ಕ್ ಚೆನ್ನಾಗಿ ಮಾರಾಟವಾಯಿತು. ಬೀದಿಯವರು ಮೇಲೆ ಹತ್ತಿ ಬಂದು, "ಗೆದ್ದುಬಿಟ್ರಿ ಅಕ್ಕ" ಎಂದು ಹೇಳಿ ಹೋದರು. ಸೈಕಲ್ ಅಂಗಡಿಯವನು ತನ್ನ ಡಬ್ಬದ ಮೇಲೆ ಸಹಿ ಹಾಕಿಸಿಕೊಂಡ. ಅವಳು ಪೆನ್ನು ಹಿಡಿದು ತನ್ನ ಹೆಸರನ್ನು ನಿಧಾನವಾಗಿ ಬರೆದುಕೊಟ್ಟಳು. ಬಂದವರಿಗೆಲ್ಲ ತಲೆಯಾಡಿಸಿದಳೇ ಹೊರತು ಹೆಚ್ಚು ಮಾತಾಡಲಿಲ್ಲ. ವಯಸ್ಸಾಯಿತು, ಗಂಟಲು ಮೊದಲಿನ ಹಾಗಿಲ್ಲ ಎಂದು ತಂಗಿಯೇ ಎಲ್ಲರಿಗೂ ಸಮಜಾಯಿಷಿ ಕೊಟ್ಟಳು.