ಆಲೂಗಡ್ಡೆಯಲ್ಲಿ ಬೆರೆಸಿದ್ದು

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಆಕೆಯನ್ನು ಕೆಲಸಗಾರರೆಲ್ಲ ಸೌಟಕ್ಕ ಅಂತಲೇ ಕರೆಯುತ್ತಿದ್ದರು. ನಾನು ಅಲ್ಲಿ ಪಾತ್ರೆ ತೊಳೆಯುವ ಮುದುಕಿ. ವಾಸವೂ ಅವಳ ಪಕ್ಕದ ಮನೆಯಲ್ಲೇ. ಕುಂಬಳಕಾಯಿ ಎಂದರೆ ಮುಖ ಸಿಂಡರಿಸುವ ಮೇಸ್ತ್ರಿಗೆ ಅವಳು ಅದನ್ನೇ ಸಾರಿನಲ್ಲಿ ಅರೆದು ಬಡಿಸುತ್ತಿದ್ದಳು. ಆತ ಬೆರಳು ಚೀಪಿಕೊಂಡು ತಿಂದು ಇನ್ನಷ್ಟು ಕೇಳುತ್ತಿದ್ದ. "ಗುರುತು ಸಿಗಬಾರ್ದು ಅಂತ ನಾನು ಮನಸ್ಸು ಮಾಡಿದ್ರೆ ಅವರಪ್ಪನಿಗೂ ಸಿಗಲ್ಲ ಬಿಡಮ್ಮ," ಎಂದು ನಗುತ್ತಿದ್ದಳು.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮೂರೇ ಪದಾರ್ಥ ತಿನ್ನುತ್ತಿದ್ದಳು. ಅಂಚು ತೆಗೆದ ಬ್ರೆಡ್ಡು, ಒಂದು ಕಂಪನಿಯ ಬಿಸ್ಕತ್ತು, ಉಪ್ಪು ಮಾತ್ರ ಹಾಕಿ ನುಣ್ಣಗೆ ಹಿಸುಕಿದ ಆಲೂಗಡ್ಡೆ. ಬಿಸ್ಕತ್ತಿನ ಪೊಟ್ಟಣದ ಬಣ್ಣ ಬದಲಾದ ದಿನ ಅದನ್ನೂ ಬಿಟ್ಟಳು. ಮನೆಯವರು ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಮುದ್ದಿನ ಹೆಸರಾಗಿತ್ತು.

ಸೌಟಕ್ಕನ ಗಂಡ ಲಾರಿ ಓಡಿಸುವವನು, ಮನೆಯಲ್ಲಿದ್ದರೆ ಪುಣ್ಯ. ಮನೆಯಲ್ಲಿ ಮಾತು ನಡೆಯುತ್ತಿದ್ದುದು ಅವನ ಅಕ್ಕನದು. "ಊರಿಗೆಲ್ಲ ಬಡಿಸ್ತಾಳೆ, ಹೆತ್ತ ಮಗೂಗೆ ಒಂದು ತುತ್ತು ತಿನ್ನಿಸೋ ಯೋಗ್ಯತೆ ಇಲ್ಲ. ಹೊಟ್ಟೆ ಖಾಲಿ ಬಿಟ್ಟು ನೋಡು, ತಾನೇ ದಾರಿಗೆ ಬರ್ತಾಳೆ," ಎನ್ನುತ್ತಿದ್ದಳು ಆ ಅತ್ತಿಗೆ. ಬಿಟ್ಟು ನೋಡಿದ್ದೂ ಆಯಿತು. ಮಗು ದಾರಿಗೆ ಬರಲಿಲ್ಲ, ಶಾಲೆಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಶಾಲೆಯವರೇ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿ ಇಂಥ ಮಕ್ಕಳಿಗೆಂದೇ ಒಂದು ವಿಭಾಗವಿತ್ತು. ಗಂಡ ಊರಲ್ಲಿಲ್ಲದ್ದರಿಂದ ಜೊತೆಗೆ ನಾನು ಹೋಗುತ್ತಿದ್ದೆ. ಗಿಡ್ಡ ಮೇಜು, ಗಿಡ್ಡ ಕುರ್ಚಿ, ಒಂದು ಕಡೆ ಕನ್ನಡಿ. ಕನ್ನಡಿಯ ಹಿಂದಿನ ಕೋಣೆಯಿಂದ ನಮಗೆ ಮಗು ಕಾಣುತ್ತಿತ್ತು, ಮಗುವಿಗೆ ನಾವು ಕಾಣುತ್ತಿರಲಿಲ್ಲ. ಚಿಕಿತ್ಸೆ ಕೊಡುವ ಹೆಂಗಸನ್ನು ಗುಬ್ಬಿ 'ಊಟದ ಟೀಚರ್' ಎಂದು ಕರೆದಳು. ನಮಗೂ ಅದೇ ಬಾಯಿಗೆ ಬಂತು.

"ಇದು ಹಟ ಅಲ್ಲ, ನಿಮ್ಮ ಅಡುಗೆ ತಪ್ಪೂ ಅಲ್ಲ," ಎಂದರು ಟೀಚರ್. "ನಮ್ಮ ಬಾಯಿಗೆ ಮರಳು ಸುರಿದ್ರೆ ಹೇಗಾಗುತ್ತೋ, ಹೊಸ ಪದಾರ್ಥ ಅಂದ್ರೆ ಇವಳಿಗೆ ಹಾಗೇ ಆಗುತ್ತೆ."

"ಹಾಗಾದ್ರೆ ನಾನೇನ್ ಮಾಡ್ಲಿ ಮೇಡಂ?"

"ಪಕ್ಕ ಕೂತು ನಿಮ್ಮ ಪಾಡಿಗೆ ನೀವು ಊಟ ಮಾಡಿ. ತಿನ್ನು ಅನ್ನಬೇಡಿ, ತಿಂದ್ರೆ ಶಭಾಷ್ ಅಂತಲೂ ಅನ್ನಬೇಡಿ. ಇನ್ನೊಂದು ಮಾತು. ಅವಳು ನಂಬಿ ತಿನ್ನೋದು ಈಗ ಎರಡೇ. ಅದರಲ್ಲಿ ಏನನ್ನೂ ಬೆರೆಸಬೇಡಿ. ಒಂದು ಚಿಟಿಕೆನೂ."

ಅಡುಗೆಯವಳಿಗೆ ಕೈಕಟ್ಟಿ ಕೂರು ಎಂದ ಹಾಗಾಯಿತು. ಆದರೂ ಮನೆಯಲ್ಲಿ ಹಾಗೇ ಕೂತಳು. ಆಸ್ಪತ್ರೆಯ ಗಿಡ್ಡ ಮೇಜಿನ ಮೇಲೆ ಗುಬ್ಬಿ ಬಟಾಣಿ ಉರುಳಿಸಿದಳು, ಕ್ಯಾರೆಟ್ಟಿನ ಬಿಲ್ಲೆ ಜೋಡಿಸಿ ರೈಲು ಮಾಡಿದಳು. ಒಂದು ದಿನ ಆ ರೈಲಿನ ಗಾಲಿಯೊಂದನ್ನು ತುಟಿಗೆ ತಾಗಿಸಿ ತೆಗೆದಳು. ಕನ್ನಡಿಯ ಹಿಂದೆ ಸೌಟಕ್ಕ ನನ್ನ ತೋಳು ಹಿಡಿದುಕೊಂಡಳು. ಉಗುರು ಊರಿದ್ದು ಅವಳಿಗೆ ತಿಳಿಯಲೇ ಇಲ್ಲ.

ತುಟಿಗೆ ತಾಗಿದ್ದು ತೂಕಕ್ಕೆ ಬರುವುದಿಲ್ಲವಲ್ಲ. ಮುಂದಿನ ಸಲವೂ ತೂಕ ಏರದಿದ್ದರೆ ಮೂಗಿನಿಂದ ಪೈಪು ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಮರುದಿನ ಕ್ಯಾಂಟೀನಿನ ಮೂಲೆಯಲ್ಲಿ ಸೌಟಕ್ಕ ಬೇಯಿಸಿದ ಬಿಳಿ ಕಾಳನ್ನು ಬೆಣ್ಣೆ ಹಾಕಿ ಅರೆದು ಬಟ್ಟೆಯಲ್ಲಿ ಸೋಸುತ್ತಿದ್ದಳು.

"ಟೀಚರ್ ಬೇಡ ಅಂದಿದ್ರಲ್ಲೇ," ಎಂದೆ.

"ಪೈಪು ಹಾಕೋದು ಟೀಚರ್ ಮಗಳಿಗಲ್ಲಮ್ಮ."

ಕೈ ಸೋಲಲಿಲ್ಲ. ಬಣ್ಣ, ವಾಸನೆ, ನುಣುಪು, ಎಲ್ಲವೂ ಬರಿಯ ಆಲೂಗಡ್ಡೆಯದೇ. ಗುಬ್ಬಿ ದಿನವೂ ಬಟ್ಟಲು ಬರಿದು ಮಾಡಿದಳು. ತೂಕ ಏರಿತು. ಟೀಚರ್ ಮುಖ ಅರಳಿಸಿ, "ಏನು ವಿಶೇಷ?" ಎಂದು ಕೇಳಿದರು. "ಆಲೂಗಡ್ಡೆ ಸ್ವಲ್ಪ ಜಾಸ್ತಿ ತಿಂತಿದಾಳೆ," ಎಂದು ಸೌಟಕ್ಕ ನೆಲ ನೋಡಿದಳು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತೋ ಏನೋ. ಆದರೆ ಅಷ್ಟು ಕಾಲ ಚುಚ್ಚಿಸಿಕೊಂಡ ಜೀವ, ಒಮ್ಮೆಯಾದರೂ ಅತ್ತಿಗೆಯ ಎದುರು ತಲೆ ಎತ್ತಬೇಕು ಅನಿಸಿತು. ಏನು ಬೆರೆಸಿದೆ, ಹೇಗೆ ಬೆರೆಸಿದೆ, ಎಲ್ಲ ಹೇಳಿದಳು.

ಮಾರನೆಯ ದಿನ ಗುಬ್ಬಿ ಊಟಕ್ಕೆ ಕೂತಿದ್ದಾಗ ನಾನೂ ಅಲ್ಲಿದ್ದೆ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏ ಕಳ್ಳಿ, ಕಾಳು ಕಂಡ್ರೆ ವಾಕರಿಕೆ ಅಂತಿದ್ದೆ. ಇಷ್ಟು ದಿನ ತಿಂತಿರೋದು ಏನಂದ್ಕೊಂಡೆ? ಅದೇ ಕಾಳು! ಎಲ್ಲಾ ನಾಟಕ ನಿಂದು!"

ಚಮಚ ನಿಂತಿತು. "ಹೌದಾ ಅಮ್ಮ?"

"ನಿನ್ನ ಒಳ್ಳೇದಕ್ಕೇ ಕಂದಾ..."

ಮಗು ಅಳಲಿಲ್ಲ. ಬಾಯಲ್ಲಿದ್ದುದನ್ನು ಬಟ್ಟಲಿಗೆ ಬಿಟ್ಟು, ಬಟ್ಟಲನ್ನು ಮೆಲ್ಲಗೆ ದೂಡಿದಳು. ಆಮೇಲೆ ಆಲೂಗಡ್ಡೆ ಮುಟ್ಟಲಿಲ್ಲ. ಅಮ್ಮ ಅಂಚು ತೆಗೆದುಕೊಟ್ಟ ಬ್ರೆಡ್ಡನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಪೈಪು ಬಂತು.

"ನಾನೇನು ಸುಳ್ಳು ಹೇಳಿದ್ನಾ?" ಎಂದು ಅತ್ತಿಗೆ ಇವತ್ತಿಗೂ ಕೇಳುತ್ತಾಳೆ. ಸುಳ್ಳಲ್ಲ. ಆ ಮನೆಯಲ್ಲಿ ಮಗುವಿಗೆ ನಿಜ ಹೇಳಿದವಳು ಅವಳೊಬ್ಬಳೇ.

ಟೀಚರ್ ಬೈಯಲಿಲ್ಲ. "ಮತ್ತೆ ಶುರು ಮಾಡೋಣ. ಈ ಸಲ ಇನ್ನೂ ಹಿಂದಿನಿಂದ," ಎಂದರು. ಹೊರಗೆ ಬಂದು ಸೌಟಕ್ಕ ಗೋಡೆಗೆ ಒರಗಿದಳು. "ಬೈದು ಕಪಾಳಕ್ಕೆ ಎರಡು ಬಿಗಿದಿದ್ರೂ ಚೆನ್ನಾಗಿತ್ತಮ್ಮ," ಎಂದಳು.

ಈಗ ಕ್ಯಾಂಟೀನಿನಿಂದ ಬಂದವಳೇ ಕೈ ತೊಳೆದು, ಆಸ್ಪತ್ರೆಯ ಡಬ್ಬಿಯ ಹಾಲನ್ನು ಸಿರಿಂಜಿಗೆ ತುಂಬುತ್ತಾಳೆ. ನಿನ್ನೆಯೂ ಹಾಗೇ ತುಂಬಿ, ಪೈಪಿನ ತುದಿ ಹಿಡಿದಳು. ಗುಬ್ಬಿ ಅವಳ ಕೈ ತಡೆದು ನನ್ನ ಕಡೆ ತಿರುಗಿದಳು.

"ಅಜ್ಜೀ, ನೀನು ನೋಡ್ತಿದ್ದೆ ಅಲ್ವಾ? ಬೇರೇನೂ ಹಾಕಿಲ್ಲ ತಾನೇ?"

"ಇಲ್ಲ ಮಗಾ. ಡಬ್ಬೀದೇ."

ನಾನು ಅಷ್ಟು ಹೇಳುವ ತನಕ ಸೌಟಕ್ಕ ಸಿರಿಂಜು ಹಿಡಿದು ಕಾಯುತ್ತಿದ್ದಳು.