ಕುದ್ರಿನಮ್ಮ ಬಿಟ್ಟು ಹೋದದ್ದು

ಒಣಗಿದ ಸುರಗಿ ಹೂವಿನ ವಾಸನೆ. ತಮ್ಮನ ಹೆಂಡತಿ ಅಟ್ಟದ ಮೇಲಿಂದ ಕೊಡುತ್ತಿದ್ದ ಸಾಮಾನುಗಳನ್ನು ಒಂದೊಂದಾಗಿ ತೆಗೆದುಕೊಂಡು ಅಂಗಳಕ್ಕೆ ಸಾಗಿಸುತ್ತಿದ್ದೆ. ಗೊಬ್ಬರದ ಖಾಲಿ ಚೀಲ, ಕಾಲು ಮುರಿದ ಕುರ್ಚಿ, ಯಾವ ಮಿಕ್ಸಿಯದೋ ಜಾರು... ಅವುಗಳ ನಡುವೆ ಅಂಗೈಯಲ್ಲಿ ಹಿಡಿಸುವಂಥ ಒಂದು ಬಟ್ಟೆಯ ಗಂಟು ಬಂತು. ಹಂಚು ಹೊತ್ತ ಪಕಾಸಿನ ಮರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಸಿಟ್ಟಿತ್ತಂತೆ. ಮೂಗಿನ ಹತ್ತಿರ ಹಿಡಿದೆ. ಧೂಳು, ಮಸಿ, ಅದರ ಹಿಂದೆಲ್ಲೋ ಸುರಗಿ. ಇಷ್ಟು ವರ್ಷ ಹೂವಿನ ವಾಸನೆ ಉಳಿಯುತ್ತದೆಯೋ, ನನ್ನ ಮೂಗೇ ಅದನ್ನು ನೆನಪು ಮಾಡಿಕೊಂಡಿತೋ ಗೊತ್ತಿಲ್ಲ. ಗಂಟು ಹಿಡಿದು ಏಣಿಯ ಬುಡದಲ್ಲೇ ಕುಳಿತುಬಿಟ್ಟೆ.

ಹೆಮ್ಮಾಡಿಯ ನಮ್ಮ ತವರುಮನೆಯ ಹಂಚಿನ ಮಾಡು ಬಿಚ್ಚಿ ಸರಿಮಾಡಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಅಟ್ಟ ಖಾಲಿಯಾಗಬೇಕು. ಬೈಂದೂರಿನಿಂದ ನನ್ನನ್ನು ಕರೆಸಿದ್ದು ಅದಕ್ಕೇ. ಸೇವಂತಿಗೆ ಕೊಯ್ಲಿನ ಕಾಲ ಬೇರೆ. ತಮ್ಮನ ಹೆಂಡತಿ ಬೆಳಗಾಗುವ ಮೊದಲೇ ಹೂ ಕೊಯ್ದು, ಡೈರಿಗೆ ಹಾಲು ಕಳಿಸಿ, ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಸೆರಗು ಸಿಕ್ಕಿಸಿಕೊಂಡು ಅಟ್ಟ ಏರಿದ್ದಳು. ಮನೆ ಹಗುರ ಮಾಡುವ ಉಪಾಯವನ್ನು ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ.

"ಒಂದ್ ವರ್ಷ ಮುಟ್ದೇ ಇಪ್ಪುದೆಲ್ಲ ಹೊರಗ್ ಹಾಕ್ಕಂಬ್ರ್ ಅತ್ತಿಗೆ," ಎಂದಳು.

ಹಾಗಾದರೆ ನಿನ್ನ ಗಂಡ ತಂದಿಟ್ಟ ವ್ಯಾಯಾಮದ ಸೈಕಲ್ಲು ಮೊದಲು ಹೋಗಲಿ ಎಂದೆ. ಜಗಲಿಯಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆ ನಕ್ಕಳು. ಅಮ್ಮನಿಗೆ ಈಗ ಕಣ್ಣು ಮಂಜು, ಆದರೂ ಬೆರಳು ಮಾಲೆಯ ಲೆಕ್ಕ ತಪ್ಪುವುದಿಲ್ಲ.

ನಮ್ಮ ಮನೆಯ ಹಿಂದೆ ಹೊಳೆ. ಹೊಳೆಯ ನಡುವೆ ಕುದ್ರು, ಎಂದರೆ ಸುತ್ತ ನೀರಿರುವ ತುಂಡು ನೆಲ. ಅಲ್ಲಿ ನಾಲ್ಕೈದು ಮನೆ, ಉಳಿದದ್ದೆಲ್ಲ ತೆಂಗು. ಅಲ್ಲಿಂದ ಬರುತ್ತಿದ್ದವರು ಕುದ್ರಿನಮ್ಮ. ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಕುದ್ರಿನ ಮನೆಗಳೊಳಗೆ ನೀರು ಬರುತ್ತಿತ್ತು. ಹಾಗಾಗಿ ಅಲ್ಲಿಯವರು ಮಳೆ ಹಿಡಿಯುವ ಮೊದಲೇ, ಅನ್ನ ಬೇಯಿಸಲು ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕದ್ದನ್ನು ದೋಣಿಯಲ್ಲಿ ತಂದು ದಡದ ಮನೆಗಳಲ್ಲಿ ಇಟ್ಟು ಹೋಗುತ್ತಿದ್ದರು. ಕುದ್ರಿನಮ್ಮನ ಸಾಮಾನು ನಮ್ಮ ಅಟ್ಟಕ್ಕೆ. ಅದರ ಪಡುಬದಿಯ ಮೂಲೆಯನ್ನು ಅಮ್ಮ ಗುಡಿಸಿ, ಒಂದು ಕಡ್ಡಿಯನ್ನೂ ಇಡದೆ ಖಾಲಿ ಬಿಡುತ್ತಿದ್ದಳು. ನಾವದನ್ನು ಕುದ್ರಿನ ಮೂಲೆ ಎಂದೇ ಕರೆಯುತ್ತಿದ್ದೆವು.

ಅವರು ಬರುತ್ತಿದ್ದ ಬೆಳಗು ಈಗಲೂ ಕಣ್ಣ ಮುಂದೆ ತೇಲುತ್ತದೆ. ಮೋಡ ಕವಿದ ಹೊಳೆ, ಸದ್ದಿಲ್ಲದೆ ಜಾರಿ ಬರುವ ದೋಣಿ. ಹಿಂದೆ ಹುಟ್ಟು ಹಾಕುವ ಮಗ, ನಡುವೆ ಪಾತ್ರೆ, ಚಾಪೆ, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಕುದ್ರಿನಮ್ಮ, ದಿಬ್ಬಣ ಹೊರಟವರ ಹಾಗೆ ನೆಟ್ಟಗೆ ಕುಳಿತು. ಮುಡಿಯಲ್ಲಿ ಬೇಸಿಗೆಯಲ್ಲೇ ಕಟ್ಟಿ ಒಣಗಿಸಿಟ್ಟ ಸುರಗಿ ಮಾಲೆ. ಪೆಟ್ಟಿಗೆ ತೆರೆದರೆ ಸೀರೆಗಳ ನಡುವೆಯೂ ಅದೇ ಹೂ. ಇಷ್ಟೇನಾ ನಿಮ್ಮ ಸಾಮಾನು ಎಂದು ನಾನೊಮ್ಮೆ ಕೇಳಿದ್ದೆ.

"ಒಂದ್ ದೋಣಿಗ್ ಹಿಡಿಯದ್ದ್ ನಮ್ದಲ್ಲ ಮಗಾ," ಎಂದಿದ್ದರು.

ಹೊಸ ಕೊಡಪಾನ ಬಂದರೆ ಹಳೆಯದು ಯಾರಿಗೋ ಹೋಗುತ್ತಿತ್ತು. ಮೊಬೈಲಿನವರು ಈಗ ಹೇಳುವುದನ್ನು ಹೊಳೆ ಅವರಿಗೆ ಎಂದೋ ಕಲಿಸಿತ್ತು.

ಮಳೆ ಕಳೆದ ಮೇಲೆ ಬಂದು ಎಲ್ಲವನ್ನೂ ಒಯ್ಯುವರು. ಎಲ್ಲವನ್ನೂ ಎಂದರೆ, ಒಂದನ್ನು ಬಿಟ್ಟು. ಒಂದು ವರ್ಷ ಅಕ್ಕಿ ಗೇರುವ ಗೆರಸಿ, ಒಂದು ವರ್ಷ ಪಾತ್ರೆಯ ಮುಚ್ಚಳ, ಇನ್ನೊಂದು ವರ್ಷ ಚಾಪೆ. ನಾಲ್ಕೈದು ದಿನ ಬಿಟ್ಟು ಅದಕ್ಕಾಗಿ ಮತ್ತೆ ದೋಣಿ ಬರುತ್ತಿತ್ತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಕೊಯ್ಲಿನ ಗಡಿಬಿಡಿ. ಅಜ್ಜ, ಅಜ್ಜಿ, ಚಿಕ್ಕಪ್ಪಂದಿರು, ಗದ್ದೆಯ ಆಳುಗಳು... ಅಮ್ಮ ಕೂತದ್ದನ್ನು ಕಂಡವರಿಲ್ಲ. ಆ ಒಂದು ಸಂಜೆ ಮಾತ್ರ ಕೂರುತ್ತಿದ್ದಳು. ಬಂದವರನ್ನು ಬಿಟ್ಟು ಹೇಗೆ ಏಳುವುದು ಎಂದು ಅಜ್ಜಿಗೆ ಹೇಳಲು ಒಂದು ಕಾರಣವಿತ್ತಲ್ಲ.

"ಹ್ವಾಯ್, ಈ ಸಲ ಎಂತ ಬಿಟ್ಟ್ ಹೋದ್ರಿ?" ಎಂದು ಅಮ್ಮ ಹಿತ್ತಲಿಂದಲೇ ಕೂಗುವಳು.

"ತುರಿಮಣೆ ಮಾರಾಯ್ತಿ. ನಾಕ್ ದಿನದಿಂದ ಕಾಯಿ ಇಲ್ದ್ ಸಾರೇ."

ಸುತ್ತ ತೆಂಗಿನ ಮರ, ಒಳಗೆ ಕಾಯಿ ಇಲ್ಲದ ಸಾರು. ಇಬ್ಬರೂ ನಗುತ್ತ ಜಗಲಿಯ ತುದಿಯಲ್ಲಿ ಕುಳಿತುಕೊಳ್ಳುವರು. ಕುದ್ರಿನಮ್ಮ ಸೊಂಟದಿಂದ ಹಿತ್ತಾಳೆಯ ಪುಟ್ಟ ಸುಣ್ಣದ ಡಬ್ಬಿ ತೆಗೆಯುವರು. ಎಲೆ ಅಮ್ಮನದು, ಸುಣ್ಣ ಅವರದು. ಹೊಳೆಯ ಮೇಲಿನ ಬೆಳಕು ಕೆಂಪಾಗಿ, ಬೂದಾಗಿ, ಮಗ ದೋಣಿಯಿಂದ ಕೂಗುವವರೆಗೂ ಮಾತು. ಏನು ಮಾತಾಡುತ್ತಿದ್ದರೋ... ನನಗೆ ನೆನಪಿರುವುದು ಅಮ್ಮ ಕಾಲು ಚಾಚಿ ಕುಳಿತಿದ್ದಳು ಎನ್ನುವುದು ಮಾತ್ರ.

ಪ್ರತಿ ಸಲವೂ ಮರೆಯುವುದು ಯಾಕೆ ಎಂದು ಕೇಳಿದಾಗ ಅವರು ನನ್ನ ಕೆನ್ನೆ ಚಿವುಟಿದ್ದರು. "ಬಪ್ಪುಕೊಂದ್ ನೆವ ಬೇಕಲ್ದಾ ಮಗಾ." ಬರಲಿಕ್ಕೆ ನೆವವಂತೆ!

ಕೊನೆಯ ವರ್ಷ ಎಂದು ನಮಗೆ ಗೊತ್ತಿರಲಿಲ್ಲ. ಮಳೆ ಕಳೆದ ಮೇಲೆ ಎಂದಿನಂತೆ ಬಂದರು. ಅಟ್ಟದ ಮೇಲೆ ಒಬ್ಬರೇ ಬಹಳ ಹೊತ್ತು ಇದ್ದರು. ಕೆಳಗಿಳಿದು, ಎಲ್ಲ ಆಯಿತು ಎಂದರು. ಅಮ್ಮನ ಕೈ ಹಿಡಿದುಕೊಂಡದ್ದು, ಏನನ್ನೋ ಹೇಳಲು ಹೋಗಿ ನಿಲ್ಲಿಸಿದ್ದು ನನಗೆ ಮಸುಕಾಗಿ ನೆನಪಿದೆ. ಅಜ್ಜಿ ಒಳಗಿನಿಂದ ಕರೆದರು, ಅಮ್ಮ ಹೋದಳು, ದೋಣಿಯೂ ಹೋಯಿತು.

ಅದಾದ ಮೇಲೆ ಬಂದ ಸುದ್ದಿ ಇಷ್ಟೇ. ಕುದ್ರಿನ ಬಾವಿ ಉಪ್ಪಾಗಿದೆ, ಮಗನಿಗೆ ಬ್ರಹ್ಮಾವರದ ಕಡೆ ಕೆಲಸ ಸಿಕ್ಕಿದೆ, ಮನೆಗೆ ಬೀಗ ಹಾಕಿ ಹೋಗಿದ್ದಾರೆ. ಅಮ್ಮ ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ಅಟ್ಟ ಹತ್ತಿದಳು. ನಾನೂ ಹಿಂದೆ ಹೋದೆ. ಕುದ್ರಿನ ಮೂಲೆಯ ನೆಲವನ್ನು ಚಿಮಣಿ ದೀಪ ಹಿಡಿದು ಹುಡುಕಿದಳು. ಒಂದು ಮುಚ್ಚಳ, ಒಂದು ಹಗ್ಗದ ತುಂಡು... ಏನೂ ಇರಲಿಲ್ಲ. "ಈ ಸಲ ಎಂತದೂ ಬಿಡ್ಲಿಲ್ಲೆ," ಎಂದು ಹೇಳಿ ಇಳಿದುಹೋದಳು. ಹೋಗುವುದನ್ನು ಹೇಳದೆ ಹೋದದ್ದಕ್ಕಿಂತ ಏನನ್ನೂ ಬಿಡದೆ ಹೋದದ್ದೇ ಅವಳಿಗೆ ನೋವಾಗಿತ್ತು. ಬಾರದಿರಲು ನಿಶ್ಚಯಿಸಿಯೇ ಹೋದರಲ್ಲ ಎಂದು.

ಮುಂದಿನ ಮಳೆಗಾಲಕ್ಕೂ ಅಮ್ಮ ಆ ಮೂಲೆ ಗುಡಿಸಿದಳು. ಅದರ ಮುಂದಿನ ವರ್ಷವೂ. ಆಮೇಲೆ ಚಿಕ್ಕಪ್ಪ ಯಾವುದೋ ಚೀಲ ತಂದಿಟ್ಟರು, ಅಮ್ಮ ಬೇಡ ಎನ್ನಲಿಲ್ಲ. ಚೀಲದ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಟಿವಿಯ ಖಾಲಿ ಪೆಟ್ಟಿಗೆ. ನೆರೆ ನೀರು ಏರಿದ ಹಾಗೆ ನಮ್ಮ ಸಾಮಾನು ಏರಿ ಕುದ್ರಿನ ಮೂಲೆ ಮುಳುಗಿಹೋಯಿತು. ಎಷ್ಟೋ ವರ್ಷದ ಮೇಲೆ ಒಂದು ಮದುವೆಯ ಊಟದಲ್ಲಿ ಯಾರೋ ಕುದ್ರಿನಮ್ಮ ತೀರಿಕೊಂಡ ಸುದ್ದಿ ಹೇಳಿದರು. ಅಮ್ಮ ಹೌದಾ ಎಂದಳು, ಎಲೆಯಲ್ಲಿದ್ದದ್ದನ್ನು ಬಿಟ್ಟು ಕೈ ತೊಳೆದಳು.

"ಎಂತ ಅತ್ತಿಗೆ, ಕೂತೇ ಬಿಟ್ರಿ?" ತಮ್ಮನ ಹೆಂಡತಿ ಮೇಲಿಂದ ಕರೆದಳು. ಈ ಗಂಟು ಯಾವ ಕಡೆ ಸಿಕ್ಕಿತು ಎಂದು ಕೇಳಿದೆ. ಪಡುಬದಿಯ ಮೂಲೆ ಎಂದಳು. ಮೇಲೆ, ತಲೆಯ ಹತ್ತಿರ. ಅಮ್ಮ ಹುಡುಕಿದ್ದು ನೆಲದ ಮೇಲೆ.

ಗಂಟನ್ನು ಜಗಲಿಗೆ ಒಯ್ದು ಅಮ್ಮನ ಮಡಿಲಿಗೆ ಇಟ್ಟೆ. ಅವಳು ಹೂವಿನ ದಾರ ಬದಿಗಿಟ್ಟು ಗಂಟು ಬಿಚ್ಚಿದಳು. ಪುಡಿಯಾದ ಸುರಗಿ, ಅದರ ನಡುವೆ ಹಸಿರು ಹಿಡಿದ ಹಿತ್ತಾಳೆಯ ಡಬ್ಬಿ. ಅಮ್ಮ ಅದನ್ನು ನೋಡುವ ಮೊದಲು ಬೆರಳಿನಿಂದ ಸವರಿ ಗುರುತು ಹಿಡಿದಳು.

"ಬಿಟ್ಟೇ ಹೋಯಿರ್," ಎಂದಳು. ಡಬ್ಬಿಯನ್ನು ಅಂಗೈಯಲ್ಲಿ ಹೊರಳಿಸಿ, "ಸೊಂಟದಗಿಪ್ಪುದ್ ಯಾರಾರೂ ಮರೀತ್ರಾ?"

ಮುಚ್ಚಳ ಬಿಚ್ಚಲು ನಾನೇ ಬೇಕಾಯಿತು. ಒಳಗೆ ಸುಣ್ಣ ಕಲ್ಲಾಗಿತ್ತು. ಅಮ್ಮ ಹೂವಿಗೆ ಚಿಮುಕಿಸುವ ನೀರಿನಲ್ಲಿ ಬೆರಳದ್ದಿ ಒಂದೆರಡು ಹನಿ ಬಿಟ್ಟಳು. ಉಗುರಿನಿಂದ ಕೆರೆದಳು. ಅದು ಮೆತ್ತಗಾಗಲಿಲ್ಲ. ಇನ್ನೆರಡು ಹನಿ ಬಿಟ್ಟಳು...

ಹಾಗಾದರೆ ಅವರಿಗೆ ಮತ್ತೆ ಬರುವ ಮನಸ್ಸಿತ್ತು ಅಮ್ಮ ಎಂದೆ, ಸಮಾಧಾನಕ್ಕೆ.

ಅಮ್ಮ ತಲೆ ಅಲ್ಲಾಡಿಸಿದಳು. ಮಂಜು ಕಣ್ಣು ಹೊಳೆಯ ಕಡೆಗಿತ್ತು.

"ಅವ್ರ್ ಬಪ್ಪುಕಲ್ಲ ಮಗಾ. ಈ ಸಲ ನಾನ್ ಅಲ್ಲಿಗ್ ಹೋಪುಕೆ ಬಿಟ್ಟದ್ ಅದ್."